ಕರಣೆಗೆ ಬೀಗ

ಮೇಸ್ತ್ರಿಯ ಚೀಲವನ್ನು ಬೀರುವಿನೊಳಗೆ ತುರುಕಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೇ ಸೊಸೆಗೆ ಉಸಿರು ನೆಟ್ಟಗಾದದ್ದು. ಕರಣೆ, ಮಟ್ಟಗೋಲು, ತೂಗುಗುಂಡು, ಉಳಿ, ಸುತ್ತಿಗೆ, ಆ ಗಾರೆ ಕೆಲಸದವನ ಬದುಕೆಲ್ಲ ಅದರಲ್ಲಿತ್ತು. ಕೆಲಸ ಹಿಡಿದ ಮನೆಯಲ್ಲಿ ಮೇಸ್ತ್ರಿ ಚೀಲ ಬಿಟ್ಟುಹೋದನೆಂದರೆ ಮರಳಿ ಬರುತ್ತೇನೆಂದು ಮಾತು ಕೊಟ್ಟ ಹಾಗೆ. ಮೊದಲೆಲ್ಲ ಚೀಲ ಬಾಗಿಲ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಈಗ ಬೀದಿಯ ಎಲ್ಲರೂ ಮಾತನ್ನು ಬಿಟ್ಟು ಬೀಗವನ್ನು ನಂಬತೊಡಗಿದ್ದರು.

ಕಾರಣವಿತ್ತು. ಊರಿಗೆ ಯಾರೋ ದೊಡ್ಡ ಅತಿಥಿಗಳು ಬರುವವರಿದ್ದರು. ಅವರು ಕೂತು ಮಾತಾಡಲೆಂದು ನದಿಯ ದಡದಲ್ಲಿ ಸಭಾಭವನ ಏಳುತ್ತಿತ್ತು. ಊರಿನ ಸಿಮೆಂಟು, ಮರಳು, ಕಬ್ಬಿಣ, ಕೊನೆಗೆ ಗಾರೆ ಕಲಸುವ ಕೈಗಳನ್ನೂ ಅದೊಂದೇ ಕಟ್ಟಡ ನುಂಗಿ ನೀರು ಕುಡಿಯುತ್ತಿತ್ತು. ಎರಡು ದಿನ ಕೂತು ಎದ್ದುಹೋಗುವವರಿಗೆ ಅಲ್ಲಿ ಮಹಡಿಗೊಂದು ಸಾಲು ಶೌಚಾಲಯ. ಜೀವಮಾನವಿಡೀ ಇದೇ ಊರಿನ ನೆಲ ಗುಡಿಸಿ ಸೊಂಟ ಮುರಿದುಕೊಂಡ ಹೆಂಗಸಿಗೆ, ತನ್ನ ಮನೆಯ ಶೌಚಾಲಯಕ್ಕೆ ಹೋಗಲೂ ದಾರಿಯಿಲ್ಲ.

ಆ ಹೆಂಗಸೇ ಅತ್ತೆ. ಆಸ್ಪತ್ರೆಯವರು ಗಾಲಿಕುರ್ಚಿಯಲ್ಲಿ ಕೂರಿಸಿ ಮನೆಗೆ ಕಳಿಸಿದ್ದರು. ಶೌಚಾಲಯ ಅಡುಗೆಮನೆಯ ಗೋಡೆಗೇ ಆತುಕೊಂಡಿತ್ತು, ನೆಲವೂ ಒಂದೇ ಮಟ್ಟ. ಬಾಗಿಲು ಮಾತ್ರ ಹಿತ್ತಲಿಗೆ. ಮೆಟ್ಟಿಲಿಳಿದು, ಸುತ್ತಿಬಂದು, ಮತ್ತೆ ಮೆಟ್ಟಿಲು ಹತ್ತಬೇಕು. ಮಗ ತಾಯಿಯನ್ನು ಎತ್ತಿಕೊಂಡೇ ಹೋಗುತ್ತಿದ್ದ. ಎದುರು ಮಹಡಿಯವರು ಬಟ್ಟೆ ಒಣಹಾಕುವ ನೆಪದಲ್ಲಿ ನೋಡುತ್ತ ನಿಲ್ಲುತ್ತಿದ್ದರು. ಅತ್ತೆ ನೀರು ಕುಡಿಯುವುದನ್ನೇ ಬಿಟ್ಟರು. ತುಟಿ ಸಿಪ್ಪೆ ಎದ್ದಿತು, ನಾಲಗೆ ಒಣಗಿತು. ಲೋಟ ಹಿಡಿದು ನಿಂತರೆ, "ಬಾಯಾರಿಕೇನೇ ಇಲ್ಲ ಕಣೇ, ಅಲ್ಲಿಡು" ಎನ್ನುವರು.

ಆ ವಿಷಯ ಅವರ ಮುಂದೆ ಎತ್ತಲು ಗಂಡ ಹೆಂಡತಿ ಇಬ್ಬರಿಗೂ ಮುಜುಗರ. ಯೋಜನೆಯನ್ನೆಲ್ಲ ಹಿತ್ತಲಲ್ಲಿ ಪಿಸುಗುಟ್ಟಿಯೇ ಹಾಕಿದರು. ಅಡುಗೆಮನೆಯ ಗೋಡೆಯಲ್ಲಿ ಒಂದು ಬಾಗಿಲು ಕೊರೆದರೆ ಕುರ್ಚಿ ಸೀದಾ ಒಳಗೆ. ಅತ್ತೆ ನಿದ್ದೆಹೋಗಿದ್ದಾಗ ಮೇಸ್ತ್ರಿ ಬಂದು ಅಳತೆ ಹಿಡಿದ. ಮೇಲಿನ ಭಾರ ಹೊರಲು ತೊಲೆ ಕೂರಿಸದೆ ಕೊರೆದರೆ ಗೋಡೆ ತಲೆಮೇಲೆ ಬರುತ್ತದೆ ಎಂದ. ತೊಲೆಗೆ ಸಿಮೆಂಟು ಬೇಕು, ಸರಳು ಬೇಕು. ಗಂಡ ಊರೆಲ್ಲ ಜಾಲಾಡಿ ತಂದದ್ದು ಒಂದೇ ಒಂದು ಡೊಂಕು ಸರಳು.

"ಇದನ್ನ ಇಟ್ಕೊಂಡು ಏನ್ಮಾಡ್ಲಿ? ಬೆನ್ನು ಕೆರ್ಕೊಳ್ಳಲಾ?" ಎಂದಿದ್ದಳು ಅವಳು.

ಚೀಲ ಬಿಟ್ಟುಹೋದ ಮೇಸ್ತ್ರಿ ಪತ್ತೆಯಿಲ್ಲ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕೊನೆಗೊಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಚೀಲ ಕೊಡಿ."

"ಬಂದ್ಯಾ ಮಹರಾಯ! ಕೆಲಸ ಮುಗಿಸು, ಚೀಲ ತಗೊಂಡು ಹೋಗು."

"ಸಿಮೆಂಟೇ ಇಲ್ದೆ ಏನು ಮುಗಿಸ್ಲಿ? ಉಗುಳು ಹಚ್ಚಿ ಇಟ್ಟಿಗೆ ಅಂಟಿಸ್ಲಾ?"

"ಸಿಮೆಂಟ್ ಬರೋವರೆಗೆ ಚೀಲ ಇಲ್ಲೇ ಇರುತ್ತೆ. ಕೊಟ್ರೆ ನೀನು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಲ್ಲ."

ಅವನು ಅಂಗಿಯ ಕಾಲರು ಸರಿಸಿ ಹೆಗಲು ತೋರಿಸಿದ. ಚರ್ಮ ಕಿತ್ತು ಕೆಂಪಾಗಿತ್ತು. "ಸಭಾಭವನದ ಗುತ್ತಿಗೆದಾರ ಗೇಟಲ್ಲೇ ನೋಡ್ತಾನಕ್ಕ. ಕೈಯಲ್ಲಿ ಕರಣೆ ಇದ್ರೆ ಮೇಸ್ತ್ರಿ, ಇಲ್ದಿದ್ರೆ ಇಟ್ಟಿಗೆ ಹೊರೋ ಆಳು. ಅವತ್ತಿಂದ ಹೊರ್ತಾನೇ ಇದ್ದೀನಿ."

"ಬಿಟ್ಟು ಬಾ ಹಾಗಾದ್ರೆ."

"ಹೇಗೆ ಬರ್ಲಿ? ಗುರುತಿನ ಚೀಟಿ ಕಿತ್ತಿಟ್ಕೊಂಡಿದ್ದಾನೆ. ಕೆಲಸ ಮುಗಿಯೋವರೆಗೂ ಯಾರಿಗೂ ಕೊಡಲ್ವಂತೆ."

ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವಳು ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಂಗಸು. ಹೋದ ವರ್ಷ ದೊಡ್ಡ ಆರ್ಡರು ಬಂದಾಗ ಅಲ್ಲಿನ ಮಾಲೀಕನೂ ಹೀಗೇ ಎಲ್ಲರ ಚೀಟಿ ಕಸಿದಿಟ್ಟಿದ್ದ. ಅವತ್ತು ಗೇಟಿನ ಮುಂದೆ ಕೂತು, "ನಾವೇನು ನಿನ್ನ ಬೀರುವಿನ ಬಟ್ಟೆಗಳಾ?" ಎಂದು ಗಂಟಲು ಹರಿಯುವಂತೆ ಕೂಗಿದವಳು ಇವಳೇ. ಈಗ ಕೀಲಿ ಇವಳ ಸೊಂಟದಲ್ಲಿ ಚುಚ್ಚುತ್ತಿತ್ತು. ಕೊಟ್ಟರೆ ಗೋಡೆ ಹಾಗೇ ಉಳಿಯುತ್ತದೆ, ಒಳಗೆ ಅತ್ತೆ ಇನ್ನಷ್ಟು ಒಣಗುತ್ತಾರೆ. ಕೊಡದಿದ್ದರೆ ಇವನ ಹೆಗಲು ಸವೆಯುತ್ತದೆ. ಊರನ್ನೆಲ್ಲ ಬಾಚಿಕೊಂಡವರು ನದಿಯ ದಡದಲ್ಲಿ ಹಾಯಾಗಿದ್ದರು. ಇಲ್ಲಿ ಒಬ್ಬ ಕೂಲಿಯ ಹೆಂಗಸು ಇನ್ನೊಬ್ಬ ಕೂಲಿಯವನ ಕೈಗೆ ಬೀಗ ಹಾಕಿ ಕಾವಲು ನಿಂತಿದ್ದಳು. ಅವರಿಗೆ ಬೇಕಾದದ್ದೂ ಇದೇ.

ಅವಳು ಬೀರು ತೆಗೆದು ಚೀಲ ತಂದು ಅವನ ಕೈಗಿಟ್ಟಳು. "ನಾನು ಹೀಗೆ ಮಾಡ್ಬಾರ್ದಿತ್ತು. ಹೋಗಪ್ಪ, ಗೇಟು ಮುಚ್ಚಿಬಿಟ್ಟಾರು."

ಅವನಿಗೆ ಹಾಗೇ ಹೊರಟುಹೋಗಲು ಮನಸ್ಸಾಗಲಿಲ್ಲ. ನಡುಮನೆಯ ಮಂಚದತ್ತ ಬಗ್ಗಿ, "ಅಮ್ಮಾ, ಅತಿಥಿಗಳು ತೊಲಗಿದ ಮಾರನೇ ದಿನವೇ ಬರ್ತೀನಿ. ಅಡುಗೆಮನೆ ಗೋಡೇಲಿ ನಿಮಗೊಂದು ಬಾಗಿಲು ಮಾಡ್ಕೊಡ್ತೀನಿ" ಎಂದ.

"ಬಾಗಿಲಾ? ಯಾವುದಕ್ಕೆ?"

ಸೊಸೆ ನೆಲ ನೋಡುತ್ತ, ಶೌಚಾಲಯದ ದಾರಿ, ತೊಲೆ, ಸಿಮೆಂಟು ಎಲ್ಲವನ್ನೂ ಕೊನೆಗೂ ಬಾಯಿಬಿಟ್ಟು ಹೇಳಿದಳು.

ಅತ್ತೆ ಮೊಣಕೈಯೂರಿ ಅರ್ಧ ಎದ್ದರು. "ಅದಕ್ಕೆ ಹೊಸ ತೊಲೆ ಯಾಕೆ? ಅಲ್ಲಿ ದೊಡ್ಡ ಕಿಟಕಿ ಇತ್ತಲ್ಲ. ಕಕ್ಕಸು ಕಟ್ಟಿಸ್ದಾಗ ನಿಮ್ಮ ಮಾವ ಮುಚ್ಚಿಸಿದ್ರು. ಅದರ ಮೇಲೆ ಭಾರ ಹೊತ್ತಿದ್ದ ಕಲ್ಲು ಎಲ್ಲಿಗೆ ಹೋಗುತ್ತೆ?"

"ಅತ್ತೇ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನ್ನನ್ನ ಯಾರು ಕೇಳಿದ್ರಿ?" ಅತ್ತೆಯ ದನಿ ಒಡೆಯಿತು. "ಗಂಡ ಹೆಂಡ್ತಿ ಹಿತ್ತಲಲ್ಲಿ ನಿಂತು ಗುಸುಗುಸು ಗುಸುಗುಸು. ಮುದುಕಿನ ಯಾವುದೋ ಆಶ್ರಮಕ್ಕೆ ಸಾಗಹಾಕೋ ಮಾತು ಅಂದ್ಕೊಂಡಿದ್ದೆ."

ಸೊಸೆ ಮಂಚದ ಅಂಚಿಗೆ ಕುಸಿದು ಕೂತು ಅವರ ಪಾದ ಹಿಡಿದುಕೊಂಡಳು. "ಆಯ್ತು ಬಿಡೇ, ಕಚಗುಳಿ ಆಗುತ್ತೆ" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮೇಸ್ತ್ರಿ ಅಡುಗೆಮನೆಯಲ್ಲಿ ಉಳಿ ಹಿಡಿದು ಗಾರೆ ಕೆರೆಯುತ್ತಿದ್ದ. "ಇದೆ ಅಕ್ಕಾ! ಕಲ್ಲು ಗಟ್ಟಿಯಾಗಿದೆ!" ಎಂದು ಕೂಗಿದ. ಕಲ್ಲಿನ ಕೆಳಗೆ, ಎರಡೂ ಕಡೆ, ನೆಲದವರೆಗೆ ಇದ್ದಿಲಿನಿಂದ ಗೆರೆ ಎಳೆದ. "ಈ ಗೆರೆ ಒಳಗೆ ಮೇಲಿಂದ ಒಡ್ಕೊಂಡು ಬನ್ನಿ, ದಾಟ್ಬೇಡಿ. ಕಟ್ಟೋಕೆ ತಾನೇ ಸಿಮೆಂಟ್ ಬೇಕು, ಒಡೆಯೋಕೆ ಬೇಕಾ?" ಸುತ್ತಿಗೆ, ಉಳಿ ತಾನಾಗಿಯೇ ನೆಲದ ಮೇಲಿಟ್ಟು, ಉಳಿದದ್ದನ್ನು ಹೆಗಲಿಗೇರಿಸಿ ಓಡಿದ.

ಅವತ್ತು ಅವಳು ಕಾರ್ಖಾನೆಗೆ ಹೋಗಲಿಲ್ಲ. ಗಂಡ ಒಡೆದ, ಅವಳು ಇಟ್ಟಿಗೆ ಹೊತ್ತಳು. ಅತ್ತೆ ಮಂಚದಿಂದಲೇ ಕೆಮ್ಮುತ್ತ, "ಬಲಗಡೆ! ಗೆರೆ ನೋಡೋ, ಗೆರೆ!" ಎಂದು ಮಗನನ್ನು ಗದರಿಸಿದರು. ಸಂಜೆಯ ಹೊತ್ತಿಗೆ ಗೋಡೆಯಲ್ಲೊಂದು ಹರಕು ಮುರುಕು ಕಂಡಿ. ಅಂಚಿನಲ್ಲಿ ಇಟ್ಟಿಗೆಗಳು ಹಲ್ಲು ಕಿರಿಯುತ್ತಿದ್ದವು. ಬಾಗಿಲಿಗೆ ಮರವಿಲ್ಲ, ಅವಳು ಹಳೆಯ ಹೊದಿಕೆಯನ್ನೇ ಮನೆಯ ಹೊಲಿಗೆ ಮಿಷನ್ನಿಗೆ ಕೊಟ್ಟು ಪರದೆ ಹೊಲಿದಳು.

ಅತ್ತೆ ಯಾರನ್ನೂ ಮುಟ್ಟಗೊಡದೆ ಗಾಲಿಗಳನ್ನು ತಾವೇ ತಳ್ಳಿಕೊಂಡು ಒಳಗೆ ಹೋಗಿ, ಪರದೆ ಎಳೆದುಕೊಂಡರು. ಮಗ ಹೊರಗೆ ಕೈ ಚಾಚಿಕೊಂಡು ನಿಂತಿದ್ದ, ಕರೆದರೆ ಓಡೋಣವೆಂದು.

"ಏ, ಅಲ್ಲೇನು ಕಾವಲು ನಿಂತಿದ್ದೀಯ?" ಒಳಗಿನಿಂದ ದನಿ ಬಂತು. "ಹೋಗಿ ನಿನ್ನ ಕೆಲಸ ನೋಡ್ಕೋ ಹೋಗು."

ಗಂಡ ಹೆಂಡತಿ ಮೈಯೆಲ್ಲ ಧೂಳಾಗಿ, ಮುಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತರು.