ಸಿಂಹದ ಬಾಯಿಯ ಗುಂಡು

ಹರಿಹರಪುರ ದಾಟಿ ಬಸ್ಸು ತಿರುವಿನಲ್ಲಿ ವಾಲಿದಾಗ ಹೆಬ್ಬೆರಳು ತಾನಾಗಿಯೇ ಚೀಲದೊಳಗಿಳಿದು, ಬಟ್ಟೆಯ ಸುತ್ತು ಸರಿಸಿ, ಮರದ ಸಿಂಹದ ಬಾಯಿಯನ್ನು ಹುಡುಕಿತು, ಮೊದಲು ಹಲ್ಲು, ಹಲ್ಲಿನ ಹಿಂದೆ ಗುಂಡು, ನುಣ್ಣಗೆ, ಸಣ್ಣ ಗೋಲಿಯಷ್ಟು, ಒತ್ತಿದಳು ಅರ್ಪಣಾ, ಉರುಳಲಿಲ್ಲ, ಬಸ್ಸಿನ ಕುಲುಕಾಟವಿರಬೇಕು, ಉಗುರು ಹಾಕಿ ತಳ್ಳಿದಳು, ಇಲ್ಲ, ಕದಲುತ್ತಿಲ್ಲ — ನಿನ್ನೆ ಉರುಳಿತ್ತಲ್ಲ, ನರಸಿಂಹರಾಜಪುರದಿಂದ ಬಡಗಿ ವಾಸಪ್ಪ ಕಳಿಸಿದ ವಿಡಿಯೋದಲ್ಲಿ ಗುಡುಗುಡು ಎಂದು ಉರುಳಿದ್ದನ್ನು ಕೊಪ್ಪದ ಮನೆಯಲ್ಲಿ ಕೂತು, ಅನ್ನ ಕಲಸಿದ ಕೈ ಒಣಗುವವರೆಗೆ ನೋಡಿದ್ದಳು, ಕುಣಿಯುವುದೊಂದೇ ಬಾಕಿ, ಬೆಳಿಗ್ಗೆ ಅಲ್ಲಿಗೇ ಓಡಿ, ವಾಸಪ್ಪನ ಹೆಂಡತಿ ಸರೋಜಕ್ಕ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಮಗುವಿನಂತೆ ಎದೆಗೊತ್ತಿ ಬಸ್ಸು ಹಿಡಿದವಳು, ಅಲ್ಲೇ ಬಿಚ್ಚಿ ನೋಡಬಾರದಿತ್ತೇ, ನೋಡಲಿಲ್ಲ, ನಂಬಿದಳು. ಸಿಂಹವೇನೋ ಚೆನ್ನಾಗಿದೆ, ಅಂಗೈಯಗಲದ ಶಿವನೆ ಮರ, ಕೇಸರದ ಸುರುಳಿಗಳು, ಬೆನ್ನಿಗೆ ಅವಳೇ ಸಣ್ಣ ಕುಂಚದಲ್ಲಿ ಕಾಗದಕ್ಕೆ ಬರೆದುಕೊಟ್ಟು ವಾಸಪ್ಪ ಕೆತ್ತಿದ ವಿದ್ಯಾಶಂಕರ ದೇವಾಲಯ, ಮೊದಲ ಸಲ ಗೋಡೆ ನೆಟ್ಟಗೆ ಬರೆದು, ಛೆ, ಅದರ ಎರಡು ತುದಿಯೂ ದುಂಡು ಅಲ್ಲವೇ ಎಂದು ಹರಿದುಹಾಕಿ ಮತ್ತೆ ಬರೆದದ್ದು, ಬಾಗಿಲಿಗೋ ಕಾರಿಗೋ ತೂಗುಹಾಕಲು ಮೇಲೊಂದು ಕೆಂಪು ದಾರ, ಎಲ್ಲ ಸರಿ, ಆದರೆ ಗುಂಡು ಉರುಳದಿದ್ದರೆ ಎಲ್ಲ ಸರಿ ಎಂದು ಹೇಗೆ ಹೇಳುವುದು, ಅಪ್ಪ ಹೆಗಲ ಮೇಲೆ ಎತ್ತಿ ಆ ದೇವಾಲಯದ ಕಂಬದ ಸಿಂಹದ ಬಾಯಿಗೆ ಅವಳ ಬೆರಳು ಹಾಕಿಸಿದ ದಿನ ಕಲ್ಲಿನ ಗುಂಡು ತಣ್ಣಗೆ ತಿರುಗಿತ್ತು, ತಿರುಗುತ್ತದೆ, ಈಗಲೂ ಬೆರಳ ತುದಿಯಲ್ಲಿ ತಿರುಗುತ್ತದೆ, ಅಪ್ಪ, ಇದನ್ನ ಒಳಗೆ ಹೆಂಗೆ ಹಾಕಿದ್ರು, ಹಾಕಿದ್ದಲ್ಲ ಮಗಾ, ಒಳಗೇ ಇತ್ತು, ಸುತ್ತಲಿನ ಕಲ್ಲು ತೆಗೆದದ್ದು ಅಷ್ಟೇ.

ಸುತ್ತಲಿನ ಮರ ತೆಗೆಯಬೇಕು ವಾಸಪ್ಪಣ್ಣ, ಗುಂಡು ಅದೇ ಮರದ್ದೇ ಆಗಬೇಕು, ಎಂದಾಗ ಅವನು ಉಳಿ ಕೆಳಗಿಟ್ಟು ನಕ್ಕಿದ್ದ, ಎಂತ ಮಾರಾಯ್ತಿ, ಹಲ್ಲಿನ ಸಂದಿಯಿಂದ ಕೆತ್ತೋಕೆ ನಾನೆಂತ ಇರುವೆಯಾ, ಬೇರೆ ಗುಂಡು ಮಾಡಿ ಹಲ್ಲು ಆಮೇಲೆ ಅಂಟಿಸಿದ್ರೆ ಯಾರ ಅಪ್ಪಂಗೆ ಗೊತ್ತಾಗ್ತದೆ — ಅಂಟು, ಹೌದು, ಆ ಮಾತು ಅವನ ಬಾಯಲ್ಲೇ ಬಂದದ್ದು, ಹಾಗಾದರೆ ವಿಡಿಯೋದಲ್ಲಿದ್ದದ್ದು ಬೇರೆಯದೇ, ಇದು ಅಂಟಿಸಿದ್ದೇ, ಮೂಸಿ ನೋಡಿದಳು, ಗೋಂದಿನ ವಾಸನೆಯಿಲ್ಲ, ಎಣ್ಣೆಯ ವಾಸನೆ, ಇನ್ನೇನೋ, ಪಕ್ಕದ ಸೀಟಿನ ಹೆಂಗಸು ನೋಡುತ್ತಿದ್ದಾಳೆ, ಮಾರಾಟಕ್ಕಾ, ಗೊತ್ತಿಲ್ಲ ಅಕ್ಕ, ಇನ್ನರ್ಧ ಗಂಟೆಯಲ್ಲಿ ಗೊತ್ತಾಗ್ತದೆ. ಶೃಂಗೇರಿಯ ಅಂಗಡಿಕಾರ ವಿಘ್ನೇಶ್ವರ ಹೇಳಿದ್ದು ಇಷ್ಟೇ, ನೋಡು ತಂಗಿ, ಎಲ್ಲೋ ಮಾಡಿ ಶೃಂಗೇರಿ ಅಂತ ಹೆಸರು ಹೊಡೆದದ್ದು ನನ್ನ ಅಂಗಡಿ ತುಂಬ ಇದೆ, ಗುಂಡು ನಿಜಕ್ಕೂ ಉರುಳಿದ್ರೆ ಎದುರಿನ ಗಾಜಿನ ಕಪಾಟು ಪೂರ್ತಿ ನಿಂದು, ಅಂಟಿಸಿ ತಂದ್ರೆ ಮತ್ತೆ ಈ ಕಡೆ ಬರಬೇಡ — ಪೂರ್ತಿ ಕಪಾಟು! ಹಾಳು ಮನಸ್ಸು ಈಗಲೂ ಜಿಗಿಯುತ್ತದೆ, ಮೇಲಿನ ಸಾಲಿಗೆ ಸಿಂಹ, ಕೆಳಗೆ ಹಾವಿನ ಹೆಡೆಯ ನೆರಳಿನ ಕಪ್ಪೆ, ಅದರ ಪಕ್ಕ ಸಿಂಹನಗದ್ದೆ ಬಸದಿ, ಬಣ್ಣ ಕಡಿಮೆ, ಗೆರೆ ಹೆಚ್ಚು, ನಿಲ್ಲು, ಮೊದಲು ಇದು ಉರುಳಲಿ, ವಾಸಪ್ಪನಿಗೆ ಫೋನ್ ಹಚ್ಚಿದಳು, ಒಂದು ರಿಂಗ್ ಆಗುವಷ್ಟರಲ್ಲಿ ಕಟ್ ಮಾಡಿದಳು, ಅಂಟಿಸಿದಿರಾ ಎಂದು ಹೇಗೆ ಕೇಳುವುದು, ಅಂಟಿಸಿರದಿದ್ದರೆ ಆ ಮನುಷ್ಯ ಇನ್ನು ಉಳಿ ಹಿಡಿಯುತ್ತಾನೆಯೇ.

ಬಸ್‌ಸ್ಟ್ಯಾಂಡು, ಬಿಸಿಲು, ಅಂಗಡಿಯ ಮುಂದೆ ತೂಗುಬಿದ್ದ ಚೀಲಗಳು, ಯಾತ್ರಿಕರ ಗುಂಪೊಂದು ಕೀ ಚೈನಿಗೆ ಚೌಕಾಸಿ ಮಾಡುತ್ತಿದೆ, ತಿರುಗಿ ಹೋಗಿಬಿಡಲೇ ಎನ್ನುವಾಗಲೇ ವಿಘ್ನೇಶ್ವರ ಕಂಡುಬಿಟ್ಟ, ಬಂತಾ ನಿನ್ನ ಸಿಂಹ, ಕೊಡು ನೋಡ್ವ, ಅವನ ದಪ್ಪ ಬೆರಳು ಬಾಯೊಳಗೆ ಹೋಯಿತು, ನಿಂತಿತು, ಅವನ ಮುಖದಲ್ಲಿ ಏನೋ ಇಳಿಯಿತು, ಅಂಟಿಸಿದ್ದೀಯಲ್ಲ ತಂಗಿ, ಇಲ್ಲಣ್ಣ, ಮತ್ತೆ ಎಂತಕ್ಕೆ ಉರುಳೂದಿಲ್ಲ, ನನಗೂ ಗೊತ್ತಿಲ್ಲ ಎಂದಳು, ಅದೊಂದೇ ನಿಜ, ಅವನು ಸಿಂಹವನ್ನು ಗಾಜಿನ ಮೇಲಿಟ್ಟು ಅವಳತ್ತ ಸರಿಸಿದ, ಆಗ ಫೋನ್ ಕುಣಿಯಿತು, ವಾಸಪ್ಪ ಎಂದು ಹೆಸರು, ಎತ್ತುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಗಿ ಸರೋಜಕ್ಕನ ದನಿ ಅಂಗಡಿ ತುಂಬ, ಇವರು ಊಟಕ್ಕೆ ಕೂತಿದಾರೆ ಮಾರಾಯ್ತಿ, ಫೋನ್ ಮಾಡಿದ್ಯಂತೆ, ಒಪ್ಪಿದ್ರಾ, ಒಪ್ಪದೆ ಎಂತ, ಮೊದಲ ಮಾಲು ಅಂತ ರಾತ್ರಿಯಿಡೀ ದೇವರ ಮುಂದೆ ಇಟ್ಟಿದ್ದೆ, ಬೆಳಿಗ್ಗೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಅಷ್ಟು ದೊಡ್ಡದಾಗಿ ಬಾಯಿ ತೆರೆದುಕೊಂಡಿದೆ ಪಾಪ ಅಂತ ನಾಲ್ಕು ಅಕ್ಷತೆ ಕಾಳು ಬಾಯಿಗೂ ಹಾಕಿದೆ, ಖಾಲಿ ಬಾಯಲ್ಲಿ ಕಳಿಸ್ತಾರಾ ಯಾರಾದ್ರೂ — ಹಿಂದಿನಿಂದ ವಾಸಪ್ಪ, ಎಲ್ಲಿಗೆ ಹಾಕಿದೆ? ಬಾಯಿಗಾ? ಅಯ್ಯೋ ನಿನ್ನ! — ಯಾತ್ರಿಕರು ನಕ್ಕರು, ವಿಘ್ನೇಶ್ವರ ನಗಲಿಲ್ಲ, ಸಿಂಹವನ್ನು ಮತ್ತೆ ಎಳೆದುಕೊಂಡು ಮೊಬೈಲಿನ ಲೈಟು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ, ಅರ್ಪಣಾ ಕೂದಲಿನ ಪಿನ್ನು ಕಿತ್ತು ಚಾಚಿದಳು, ಕಬ್ಬಿಣ ಬೇಡ ತಂಗಿ, ದೇವರ ಮುಂದಿನ ಅಕ್ಷತೆ, ಎಂದು ಊದುಬತ್ತಿಯ ಕಡ್ಡಿಯೊಂದನ್ನು ಆರಿಸಿ, ಹಲ್ಲಿನ ಸಂದಿಯಲ್ಲಿ ಮೆಲ್ಲನೆ ಮೀಟಿದ, ಒಂದು ಕಾಳು ಬಿತ್ತು, ಇನ್ನೊಂದು, ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿದ, ಮತ್ತೊಂದು ಒಳಗಿಂದ ಹಾರಿ ಕೀ ಚೈನುಗಳ ನಡುವೆ ಎಲ್ಲೋ ಹೋಯಿತು, ಅವನ ಹೆಬ್ಬೆರಳು ಒಳಗಿಳಿಯಿತು, ಅಪ್ಪನ ಹೆಗಲು, ತಣ್ಣನೆಯ ಕಲ್ಲು, ವಾಸಪ್ಪಣ್ಣ ನಿಮ್ಮನ್ನ ನಾನು, ಗುಡುಗುಡು. ಉರುಳಿತು. ಅಣ್ಣಾ ಇದಕ್ಕೆಷ್ಟು, ಯಾರೋ ಕೇಳಿದರು, ಅಣ್ಣಾ, ಮತ್ತೆ ಕೇಳಿದರು, ವಿಘ್ನೇಶ್ವರನಿಗೆ ಕೇಳಿಸಲಿಲ್ಲ, ಅವನ ಇನ್ನೊಂದು ಕೈ ಗಾಜಿನ ಕಪಾಟಿನ ಮೇಲುಸಾಲಿನಿಂದ ಹಳೆಯ ಮಾಲನ್ನು ಒಂದೊಂದಾಗಿ ಇಳಿಸುತ್ತಿದೆ, ಹೆಬ್ಬೆರಳು ಮಾತ್ರ ಬಾಯೊಳಗೇ, ಗುಂಡಿನ ಮೈಗೆ ಕುಂಕುಮ ಹತ್ತಿದೆ, ಸಾಸಿವೆಯಷ್ಟು, ಹಲ್ಲಿನ ಹಿಂದೆ ಆ ಕೆಂಪು ಬಂತು, ಹೋಯಿತು, ಬಂತು, ಹೋಯಿತು, ಬಂತು —