ದೇವರಾಜ್ ಒತ್ತಿದ ಕೀ

ಶಿವಮೊಗ್ಗದ ವಿನೋಬನಗರದ ವಿಮಲಮ್ಮನಿಗೆ ತಮ್ಮ ಕೆಲಸದ ಮೇಲೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಇರಲಿ ಬಿಡಿ, ಇರಬೇಕಾದ್ದೇ. ಶಿವಮೊಗ್ಗ, ಭದ್ರಾವತಿ ರಕ್ತದಾನಿಗಳ ಬಳಗದ ಇ-ಮೇಲನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಅದೂ ಹೇಗೆ? ಮೌಸ್ ಮುಟ್ಟದೆ. ಕಪ್ಪು ಪರದೆ, ಬರೀ ಅಕ್ಷರ, ಎಲ್ಲಾ ಕೀಬೋರ್ಡಿನಲ್ಲೇ. ಆಸ್ಪತ್ರೆಯಿಂದ ಮೇಲ್ ಬಂತೋ, ಒಂದು ಕೀ ಒತ್ತಿದರೆ ಸಾಕು, ಆ ಊರಿನ ದಾನಿಗಳಿಗೆಲ್ಲ ಅದು ಹೋಗುತ್ತಿತ್ತು. ಇಷ್ಟು ಕೆಲಸವನ್ನು ಒಂದು ಕೀಗೆ ಕಟ್ಟಿಹಾಕುವುದಕ್ಕೆ ಮ್ಯಾಕ್ರೋ ಅನ್ನುತ್ತಾರೆ. ಅವನ್ನೆಲ್ಲ ವಿಮಲಮ್ಮ ತಾವೇ ಬರೆದಿದ್ದರು, ಒಂದೊಂದೂ ಮಾರುದ್ದದ ಸಾಲು. ಬೇರೆಯವರು ನೋಡಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಅದೂ ಅವರಿಗೊಂದು ಹೆಮ್ಮೆಯೇ.

ಸೊಸೆ ಅನುಷಾಗೆ ಇದು ಸರಿಕಾಣಲಿಲ್ಲ. ನೀವಿಲ್ಲದ ದಿನ ಯಾರಿಗಾದರೂ ರಕ್ತ ಬೇಕಾದರೆ ಏನು ಗತಿ ಅತ್ತೆ, ಅಂತ ಕೇಳಿದಳು. ನಾನೆಲ್ಲಿ ಹೋಗ್ತೀನಿ ಮಾರಾಯ್ತಿ, ಅಂತ ವಿಮಲಮ್ಮ ತಳ್ಳಿಹಾಕಿದರು. ಅವಳು ಬಿಡಬೇಕಲ್ಲ! ಒಂದು ಮಧ್ಯಾಹ್ನ ಕೂತು ಆ ಸಾಲುಗಳನ್ನು ಮುರಿದು, ಒಂದು ಹೆಜ್ಜೆಗೆ ಒಂದು ಸಾಲು ಮಾಡಿ, ಪ್ರತಿ ಮ್ಯಾಕ್ರೋದ ಕೊನೆಗೆ ಅದು ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಬರೆದಿಟ್ಟಳು. ಪ್ರಶ್ನೆ ಗುರುತಿನ ಕೀ ಒತ್ತಿದರೆ ಅದೆಲ್ಲ ಪರದೆಯ ಮೇಲೆ ಬರುತ್ತಿತ್ತು. ವಿಮಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಒತ್ತಿ ನೋಡಿದರೆ ಒಂದೂ ಕೆಟ್ಟಿಲ್ಲ. ಆದರೂ ಮುಖ ಊದಿಸಿಕೊಂಡೇ ಇದ್ದರು.

ಹೀಗಿರುವಾಗ ಭದ್ರಾವತಿಯಲ್ಲಿ ತಂಗಿಯ ಮಗಳ ಸೀಮಂತ ಬಂತು. ಅತ್ತೆ ಸೊಸೆ ಇಬ್ಬರೂ ಹೋದರು. ಮಂಡಿ ನೋವು ಅಂತ ಯಜಮಾನರು ದೇವರಾಜ್ ಮನೆಯಲ್ಲೇ ಉಳಿದರು. ವಾಲಗದ ಸದ್ದಿನಲ್ಲಿ ಬ್ಯಾಗಿನೊಳಗಿನ ಫೋನು ಎಷ್ಟು ಬಡಕೊಂಡರೂ ಯಾರಿಗೆ ಕೇಳಬೇಕು? ಹೋಳಿಗೆ ಊಟ ಮುಗಿಸಿ ವಿಮಲಮ್ಮ ಫೋನು ತೆಗೆದು ನೋಡಿದರು. ಮನೆಯಿಂದ ಕರೆಯ ಮೇಲೆ ಕರೆ. ಜೊತೆಗೆ ತಮ್ಮದೇ ಬಳಗದ ವಿಳಾಸದಿಂದ ಒಂದು ಮೇಲ್: ಭದ್ರಾವತಿಯ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು. ವಿಮಲಮ್ಮನದೂ ಅದೇ ಗುಂಪು, ಎರಡೂ ಊರಿನ ದಾನಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು.

ಕಳಿಸಿದವರು ಯಾರು ಅಂತ ಮನೆಗೆ ಫೋನು ಮಾಡಿದರೆ, ದೇವರಾಜ್! ಟಿವಿ ರಿಮೋಟಿಗೂ ಹೆಂಡತಿಯನ್ನು ಕೂಗುವ ಮನುಷ್ಯ. ಮೇಲ್ ಮಾಡಿ ಎಷ್ಟೋ ಹೊತ್ತಾಯಿತು, ಯಾರೂ ಬಂದಿಲ್ಲ ಅಂತ ಆಸ್ಪತ್ರೆಯವರು ಮನೆಗೇ ಫೋನು ಮಾಡಿದ್ದರಂತೆ.

"ಹೇಗ್ರೀ ಕಳಿಸಿದ್ರಿ?"

"ನಿನ್ನ ಕಂಪ್ಯೂಟರ್ ಆನ್ ಆಗೇ ಇತ್ತು, ಆಸ್ಪತ್ರೆ ಮೇಲ್ ಎದುರಿಗೇ ಕಾಣ್ತಿತ್ತು. ಪರದೆ ತುದೀಲಿ ಪ್ರಶ್ನೆ ಗುರುತು ಇತ್ತು, ಒತ್ತಿದೆ. 'ರಕ್ತ ಬೇಕು, ಭದ್ರಾವತಿಯವರಿಗೆಲ್ಲ ತಿಳಿಸು' ಅಂತ ಕನ್ನಡದಲ್ಲೇ ಬರೆದಿತ್ತಲ್ಲೇ. ಅದರ ಕೀ ಒತ್ತಿದೆ, ಅಷ್ಟೆ."

ವಿಮಲಮ್ಮ ಫೋನು ಇಟ್ಟರು. ಅನುಷಾಳ ಕೈ ಹಿಡಿದು ಎಳೆದುಕೊಂಡೇ ಆಟೋ ಹತ್ತಿದರು. ಆಸ್ಪತ್ರೆಯಲ್ಲಿ ಅದೇ ಮೇಲ್ ನೋಡಿ ಇನ್ನೊಬ್ಬರು ಆಗಲೇ ಬಂದು ಮಲಗಿದ್ದರು. ವಿಮಲಮ್ಮನೂ ರಕ್ತ ಕೊಟ್ಟರು. ಸಂಜೆಗೆ ಬಾಣಂತಿ ಕಣ್ಣು ಬಿಟ್ಟಳು. ಅವಳ ತಾಯಿ ಬಂದು, ಸುದ್ದಿ ಮುಟ್ಟಿಸಿದ ಪುಣ್ಯಾತ್ಮರು ನೀವೇ ಏನಮ್ಮ ಅಂತ ಕೈಮುಗಿದರು. ಬೇರೆ ದಿನವಾಗಿದ್ದರೆ ವಿಮಲಮ್ಮ ತಮ್ಮ ಪುರಾಣ ಬಿಚ್ಚುತ್ತಿದ್ದರು.

"ಆ ಮ್ಯಾಕ್ರೋ ಬರೆದಿದ್ದು ನಾನು," ಅಂದರು. ಅದನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಅನುಷಾಳನ್ನು ಮುಂದಕ್ಕೆ ತಳ್ಳಿದರು. "ಆದ್ರೆ ನಾನಿಲ್ಲದಾಗಲೂ ನಡೆಯೋ ಹಾಗೆ ಮಾಡಿದ್ದು ಇವಳು. ನಮ್ಮ ಸೊಸೆ."

ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಅದನ್ನೇ ಹೇಳಿದರು. ಅನುಷಾ ನಾಚಿಕೊಂಡು ಕಿಟಕಿಯ ಕಡೆ ತಿರುಗಿದಳು.