ಹಳೆಯ ಸೆಟ್ಟಿನ ನಗು

ಗಾಜಿನ ಲೋಟದಲ್ಲಿ ಟಣ್ ಎಂದಿತು. ರಾತ್ರಿ ಆ ಸದ್ದು ಕೇಳಿತೆಂದರೆ ಅಕ್ಕ ಹಲ್ಲಿನ ಸೆಟ್ಟು ತೆಗೆದು ನೀರಿಗೆ ಹಾಕಿದಳು, ಇನ್ನು ದೀಪ ಆರಿಸುತ್ತಾಳೆ ಎಂದು ಅರ್ಥ. ಪಕ್ಕದ ಕೋಣೆಯ ತಂಗಿ ಅದನ್ನು ಕೇಳಿಸಿಕೊಂಡ ಮೇಲೇ ಕಣ್ಣು ಮುಚ್ಚುತ್ತಿದ್ದಳು. ಅಂದು ದೀಪ ಆರಲಿಲ್ಲ. ಟಿ.ವಿ. ಜೋರಾಯಿತು, ಲೋಟದ ನೀರು ತುಳುಕಿತು, ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಗದ್ದದಿಂದ ನೀರು ತೊಟ್ಟಿಕ್ಕುತ್ತಿದೆ.

"ಪುಟ್ಟಿ, ಏಳೇ. ಮುದುಕ ಹೋದ!"

"ಯಾವ ಮುದುಕ?"

"ಇನ್ಯಾವ ಮುದುಕ? ನಮ್ಮನೆ ದೀಪ ಆರಿಸಿದೋನು. ಬೊಚ್ಚು ಬಾಯಲ್ಲಿ ನಗಬಾರದು ಅಂತ ಹಲ್ಲು ಹಾಕ್ಕೊಂಡು ಬಂದೆ."

ಪುಟ್ಟಿಯ ತಲೆ ಅರ್ಧ ನರೆತಿತ್ತು. ಆ ಹೆಸರು ಹಿಡಿದು ಕರೆಯುವವರು ಅಕ್ಕನನ್ನು ಬಿಟ್ಟರೆ ಲೋಕದಲ್ಲಿ ಇನ್ನಾರೂ ಉಳಿದಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸೆಟ್ಟು ಕಟ್ಟುವುದು ಅವಳ ಕೆಲಸ: ಅಚ್ಚು ಹೊಯ್ಯುವುದು, ಮೇಣದಲ್ಲಿ ಹಲ್ಲು ಕೂರಿಸುವುದು, ಅಂಚು ಉಜ್ಜುವುದು. ಅಕ್ಕನ ಬಾಯಿಯ ಸೆಟ್ಟು ಅವಳೇ ಕಟ್ಟಿದ್ದು. ಆ ಮುದುಕನ ಬಾಯಿಯದೂ ಅವಳೇ ಕಟ್ಟಿದ್ದು. ಎರಡನೆಯದು ಅಕ್ಕನಿಗೆ ಗೊತ್ತಿರಲಿಲ್ಲ.

ಗೊತ್ತಾಗುವ ಹಾಗೂ ಇರಲಿಲ್ಲ. ಭಾವ ಮುಷ್ಕರದಲ್ಲಿ ಜೈಲಿಗೆ ಹೋಗಿ, ಕೆಮ್ಮು ಹಿಡಿಸಿಕೊಂಡು ಬಂದು, ಆ ಕೆಮ್ಮಿನಲ್ಲೇ ತೀರಿಕೊಂಡಿದ್ದರು. ಅದನ್ನಾದರೂ ಅಕ್ಕ ನುಂಗಿಕೊಂಡಿದ್ದಳು. ನುಂಗಲಾರದೆ ಉಳಿದದ್ದು ಒಂದು ನಗು. ಮುಷ್ಕರದವರ ಬಗ್ಗೆ ಯಾರೋ ಕೇಳಿದಾಗ, ಆಗ ಸರ್ಕಾರ ನಡೆಸುತ್ತಿದ್ದ ನಾಯಕರು, ಇದೇ ಮುದುಕ, ಟಿ.ವಿ.ಯಲ್ಲಿ, "ಹಸಿವಾದರೆ ತಾವೇ ಬರ್ತಾರೆ ಬಿಡಿ" ಎಂದು ಸಾಲು ಹಲ್ಲು ಕಾಣುವಂತೆ ನಕ್ಕಿದ್ದರು.

ಅಕ್ಕ ಕುರ್ಚಿ ಎಳೆದುಕೊಂಡು ಟಿ.ವಿ. ಮುಂದೆ ಕೂತಳು. ಬೀದಿಯಲ್ಲಿ ಯಾರೋ ಕಾರಿನ ಹಾರನ್ನು ಒತ್ತಿ ಹಿಡಿದು ಕೇಕೆ ಹಾಕಿದರು. ಎದುರು ಮನೆಯ ಮಹಡಿಯಲ್ಲಿ ಒಬ್ಬ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದ. ಅಷ್ಟರಲ್ಲಿ ಪುಟ್ಟಿಯ ಫೋನು ನಡುಗಿತು. ಅವಳು ಮೆಟ್ಟಿಲಿಗೆ ಹೋಗಿ ಕಿವಿಗಿಟ್ಟುಕೊಂಡಳು. ಡಾಕ್ಟರು.

"ಆಸ್ಪತ್ರೆಯೋರು ಸೆಟ್ಟು ಕಳೆದುಬಿಟ್ಟಿದಾರಮ್ಮ. ಬೆಳಿಗ್ಗೆ ದರ್ಶನಕ್ಕಿಡಬೇಕಂತೆ, ಬಾಯಿ ನೋಡೋ ಹಾಗಿಲ್ಲವಂತೆ. ನಿನ್ನ ಡ್ರಾಯರಿನಲ್ಲಿ ಅವರದೇ ಹಳೇದೊಂದಿತ್ತಲ್ಲ?"

ಇಲ್ಲ ಎಂದುಬಿಡಬಹುದಿತ್ತು. ಬೀಗದ ಕೈ ಇದ್ದದ್ದು ಅವಳೊಬ್ಬಳ ಹತ್ತಿರ. ಇಲ್ಲ ಎಂದಿದ್ದರೆ, ಕೆನ್ನೆ ಒಳಕ್ಕೆ ಹೋದ ಮುದುಕನನ್ನು ದೇಶವೆಲ್ಲ ನೋಡುತ್ತಿತ್ತು, ಅಕ್ಕನಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇರಲಿಲ್ಲ. ಆದರೆ ಅಳತೆಗೆ ಬಂದ ಮೊದಲ ದಿನ ಆ ಮನುಷ್ಯ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತದ್ದು ಅವಳಿಗೆ ನೆನಪಿತ್ತು. ಅಷ್ಟು ದೊಡ್ಡ ಮಾತುಗಾರ, ಕೈ ತೆಗೆಯಿರಿ ಎಂದರೆ ತಲೆ ತಗ್ಗಿಸಿದ್ದರು. ಅಕ್ಕನೂ ಹಲ್ಲು ಕೀಳಿಸಿಕೊಂಡ ದಿನ ಹಾಗೇ ಕೂತಿದ್ದಳು, ಅದೇ ಕುರ್ಚಿಯಲ್ಲಿ.

"ಇದೆ ಸರ್" ಎಂದಳು.

ಒಳಗೆ ಬಂದು, ಕ್ಲಿನಿಕ್ಕಿನಲ್ಲಿ ಪೈಪು ಒಡೆದಿದೆಯಂತೆ ಎಂದಳು. ಅಕ್ಕ ಟಿ.ವಿ.ಯಿಂದ ಕಣ್ಣು ಕೀಳದೆ, "ಇವತ್ತು ಏನು ಬೇಕಾದ್ರೂ ಒಡೀಲಿ, ಹೋಗ್ಬಾ" ಎಂದಳು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳನ್ನು ಒಂದು ತಣ್ಣನೆಯ ಕೋಣೆಗೆ ಬಿಟ್ಟು, ನಾಯಕರ ಕಾರ್ಯದರ್ಶಿ ಬಾಗಿಲಲ್ಲೇ ನಿಂತ. ಹಾಸಿಗೆಯ ಮೇಲಿದ್ದದ್ದು ಯಾರ ಮನೆಯ ಅಜ್ಜನಾದರೂ ಆಗಬಹುದಿತ್ತು. ಸೆಟ್ಟು ಕೂರಿಸಿದ ಕೂಡಲೇ ಅವಳಿಗೆ ತಪ್ಪು ಕಂಡಿತು. ಅದು ತುಂಬು ಮುಖದ ಕಾಲದ ಸೆಟ್ಟು, ಕಾಯಿಲೆಯಲ್ಲಿ ಮುಖ ಇಳಿದುಹೋಗಿತ್ತು. ಹಲ್ಲು ಎತ್ತರವಾಗಿ, ಅಂಚು ದಪ್ಪವಾಗಿ, ತುಟಿ ಕೂಡಿಕೊಳ್ಳಲೊಲ್ಲದು. ಹೊರಗೆ ತೆಗೆದು ಅರದಿಂದ ಉಜ್ಜತೊಡಗಿದಳು.

"ಆಯ್ತೇನ್ರೀ? ಅಲಂಕಾರ ಮಾಡೋರು ಕಾಯ್ತಿದಾರೆ."

"ಇನ್ನೂ ಅಂಚು ತೆಗೀಬೇಕು. ಸ್ವಲ್ಪ ಹೊತ್ತು..."

"ಮದುವೆಗೆ ಹೊರಟಿಲ್ಲ ಅವರು. ಹಾಕ್ರೀ ಸಾಕು."

ಹಾಕಿದಳು. ತುಟಿಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು. ಬಿಟ್ಟರೆ ಎರಡೂ ತುದಿ ಮೆಲ್ಲಗೆ ಮೇಲಕ್ಕೆ ಎಳೆದುಕೊಂಡವು. ಕಾರ್ಯದರ್ಶಿ ಬಗ್ಗಿ ನೋಡಿದವನು ಕಣ್ಣೊರೆಸಿಕೊಂಡ. "ಅಯ್ಯೋ, ನಗ್ತಿದಾರಲ್ರೀ!"

ಬೆಳಗಾಗುವಷ್ಟರಲ್ಲಿ ಆ ನಗು ಎಲ್ಲ ಟಿ.ವಿ.ಯಲ್ಲೂ ಇತ್ತು. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿ ಅತ್ತೂ ಅತ್ತೂ ಮೂಗು ಕೆಂಪಗೆ ಮಾಡಿಕೊಂಡಿದ್ದಳು.

"ನಮ್ಮಪ್ಪ ಒದ್ದಾಡಿಕೊಂಡು ಹೋದ್ರು ಆಂಟಿ. ಸಾವು ಅಂದ್ರೆ ಹಾಗೇ ಅಂದ್ಕೊಂಡಿದ್ದೆ. ಇವರನ್ನ ನೋಡಿ, ಹೇಗೆ ನಗ್ತಾ ಹೋಗಿದಾರೆ! ಮನಸ್ಸು ಎಷ್ಟು ಹಗುರ ಆಯ್ತು ಗೊತ್ತಾ?"

ಹಲ್ಲುನೋವಿಗೆ ಬಂದು ಕೂತಿದ್ದ ಬಸ್ ಡ್ರೈವರು ಊದಿದ ಕೆನ್ನೆ ಹಿಡಿದುಕೊಂಡೇ, "ನಗದೇ ಏನ್ಮಾಡ್ತಾರಮ್ಮ? ಅಳೋಕೆ ನಾವಿದೀವಲ್ಲ" ಎಂದ. ಹುಡುಗಿ ಅವನ ಚೀಟಿಯನ್ನು ಕೊನೆಗೆ ಸೇರಿಸಿದಳು. ಪುಟ್ಟಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಅವಳ ಉಗುರಿನ ಸಂದಿಯಲ್ಲಿ ರಾತ್ರಿ ಉಜ್ಜಿದ ಸೆಟ್ಟಿನ ಗುಲಾಬಿ ಬಣ್ಣದ ಪುಡಿ ಇನ್ನೂ ಇತ್ತು.

ಸಂಜೆ ಮನೆಗೆ ಬಂದರೆ ಟಿ.ವಿ. ಆರಿತ್ತು. ಒಲೆ ಹಚ್ಚಿರಲಿಲ್ಲ. ನಿನ್ನೆ ಕೂತ ಕುರ್ಚಿಯಲ್ಲೇ ಅಕ್ಕ ಕೂತಿದ್ದಳು, ಅರ್ಧ ಇಳಿದುಹೋದವಳ ಹಾಗೆ.

"ಸತ್ತ ಮೇಲೂ ಹಲ್ಲು ಕಿಸೀತಾನಲ್ಲೇ. ಅವತ್ತು ನಕ್ಕನಲ್ಲ, ಅದೇ ನಗು. ಅವನು ಹೋದ ದಿನ ಹೊಟ್ಟೆ ತಣ್ಣಗಾಗುತ್ತೆ ಅಂತ ಇಷ್ಟು ವರ್ಷ ಕಾದೆ. ಕೊನೆಗೂ ಅವನೇ ಗೆದ್ದ ನೋಡು."

ಅದು ನಗುವಲ್ಲ ಅಕ್ಕ, ಅಳತೆ ತಪ್ಪಿದ ಸೆಟ್ಟು. ಈ ಒಂದು ಮಾತು ಹೇಳಿದ್ದರೆ ಅಕ್ಕನ ಎದೆಯ ಕಲ್ಲು ಇಳಿಯುತ್ತಿತ್ತು. ಆದರೆ ಅದರ ಬೆನ್ನಿಗೇ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರ ಕೊಟ್ಟರೆ ಪುಟ್ಟಿ ಎಂದು ಕರೆಯುವ ದನಿಯೂ ನಿಂತುಹೋಗುತ್ತಿತ್ತು.

"ಪ್ರಾಣ ಹೋದ ಮೇಲೆ ಚರ್ಮ ಬಿಗಿಯುತ್ತೆ ಅಕ್ಕ. ನಗು ಗಿಗು ಏನಿರಲ್ಲ" ಎಂದಳು, ಆದಷ್ಟು ಹಗುರವಾಗಿ.

"ನೀನೇನು ಹತ್ತಿರ ಹೋಗಿ ನೋಡಿಬಂದ್ಯಾ?"

ಅಕ್ಕ ಕೇಳಿದ್ದು ಬರೀ ಸಿಟ್ಟಿಗೆ. ಆದರೂ ಪುಟ್ಟಿಯ ಕೈ ತಾನಾಗಿ ಸೆರಗಿನೊಳಗೆ ಹೋಯಿತು.

"ಇಲ್ಲ."

"ಮತ್ತೆ ಸುಮ್ನಿರು."

ಅಂದು ಅಕ್ಕ ಬೇಗ ಮಲಗಿದಳು. ಪುಟ್ಟಿ ಬಚ್ಚಲಿನಲ್ಲಿ ಬ್ರಷ್ಷು ಹಿಡಿದು ಒಂದೊಂದೇ ಉಗುರು ತಿಕ್ಕಿದಳು. ಆಮೇಲೆ ದೀಪ ಆರಿಸಿ, ಗೋಡೆಯ ಕಡೆ ತಿರುಗಿ, ಲೋಟದ ಸದ್ದಿಗೆ ಕಾದಳು. ಅಕ್ಕ ಹಲ್ಲು ತೆಗೆಯದೆಯೇ ಮಲಗಿರಬೇಕು, ಕಚ್ಚಿ ಹಿಡಿದುಕೊಂಡೇ. ಎಷ್ಟು ಹೊತ್ತಾದರೂ ಸದ್ದು ಬರಲಿಲ್ಲ. ಹಾಗೆ ಕಿವಿಗೊಟ್ಟು ಮಲಗಿದ್ದಾಗಲೇ ಅವಳು ತೀರ್ಮಾನಿಸಿದಳು: ಮನಸ್ಸು ಹಗುರವಾದ ಕ್ಲಿನಿಕ್ಕಿನ ಆ ಹುಡುಗಿಗೂ ಬೇಡ, ಗೋಡೆಯಾಚೆಯ ಈ ಜೀವಕ್ಕೂ ಬೇಡ. ಆ ನಗು ಸೆಟ್ಟಿನದೆಂದು ಯಾರಿಗೂ ಹೇಳುವುದಿಲ್ಲ.